ಟ್ಯೂನಾದ ಹೊಟ್ಟೆ ಕಡಲಿಗೆ ಎಸೆಯುವ ಮುನ್ನ

ಚೆನ್ನೈನ ಕಾಸಿಮೇಡು ಬಂದರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ಕುಡಲ್ ಸಾರ್’ ಎನ್ನುತ್ತಾರೆ. ತಮಿಳಿನಲ್ಲಿ ಕುಡಲ್ ಎಂದರೆ ಕರುಳು. ದೊಡ್ಡ ಮೀನುಗಳ ಹೊಟ್ಟೆ ಸೀಳಿ, ಅವು ಏನು ತಿಂದಿವೆ ಎಂದು ಬರೆದಿಡುವುದು ನನ್ನ ಉದ್ಯೋಗ. ‘ಇಷ್ಟು ಓದಿ ಮೀನು ಹೆಚ್ಚುವುದೇನೋ?’ ಎಂದು ಮಲ್ಪೆಗೆ ಹೋದಾಗಲೆಲ್ಲ ದೊಡ್ಡಪ್ಪ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಹೊಟ್ಟೆಯಲ್ಲಿ ಇಡೀ ಮೀನು ಸಿಗುವುದು ಅಪರೂಪ. ಸಿಗುವುದು ಮುಳ್ಳು, ಕಿವಿಯೊಳಗಿನ ಪುಟ್ಟ ಕಲ್ಲು, ಬೊಂಡಾಸಿನ ಗಿಳಿಕೊಕ್ಕಿನಂಥ ಬಾಯಿ. ಈ ಕೊಕ್ಕು ಬೇಗ ಕರಗುವುದಿಲ್ಲ. ಅದರ ಆಕಾರ, ಅಳತೆ ನೋಡಿ ಯಾವ ಜಾತಿ, ಎಷ್ಟು ದೊಡ್ಡದು ಎಂದು ಹೇಳಬಹುದು. ಎಷ್ಟೋ ಹೊಟ್ಟೆಗಳು ಖಾಲಿ ಇರುತ್ತವೆ. ಗಾಳಕ್ಕೆ ಸಿಕ್ಕ ಮೀನು ಒದ್ದಾಡುವಾಗ ತಿಂದದ್ದನ್ನು ಕಾರಿಬಿಡುತ್ತದೆ. ಗಾಳಕ್ಕೆ ಕಟ್ಟಿದ ಎರೆಯನ್ನೇ ಅದರ ಊಟವೆಂದು ಲೆಕ್ಕಕ್ಕೆ ಸೇರಿಸದಂತೆಯೂ ಎಚ್ಚರವಿರಬೇಕು. ಅರಬ್ಬಿ ಸಮುದ್ರದ ಹಳದಿ ರೆಕ್ಕೆಯ ಟ್ಯೂನಾ ಬೊಂಡಾಸಿನ ಜೊತೆಗೆ ನಡುಗಡಲಲ್ಲಿ ಹಿಂಡುಗಟ್ಟಿ ಈಜುವ ಒಂದು ಏಡಿಯನ್ನೂ ತಿನ್ನುತ್ತದೆ. ನಮ್ಮ ಮೀನು ಮಾರುಕಟ್ಟೆಯಲ್ಲಿ ಅದನ್ನು ಕಂಡವರು ಕಡಿಮೆ.

ಹೊಟ್ಟೆ ಹೇಳುವುದು ಹೆಚ್ಚೆಂದರೆ ಒಂದೆರಡು ದಿನದ ಕತೆ. ಹಿಂದಿನ ತಿಂಗಳುಗಳ ಕತೆ ಮಾಂಸದಲ್ಲಿದೆ. ಅರಬ್ಬಿ ಸಮುದ್ರದ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಸೂಕ್ಷ್ಮಜೀವಿಗಳಿಂದಾಗಿ ನೀರಿನಲ್ಲಿ ಭಾರದ ಸಾರಜನಕದ ಪಾಲು ಏರುತ್ತದೆ, ಅದು ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಟ್ಯೂನಾಕ್ಕೆ ದಾಟುತ್ತದೆ. ಹಾಗಾಗಿ ಒಂದು ತುಂಡು ಮಾಂಸ ಮೀನು ಎಲ್ಲಿ ಮೇಯ್ದು ಬಂತು ಎಂಬ ಸುಳಿವು ಕೊಡುತ್ತದೆ. 2011ರ ಫುಕುಶಿಮಾ ಅವಘಡವಾಗಿ ಐದೇ ತಿಂಗಳಿಗೆ ಕ್ಯಾಲಿಫೋರ್ನಿಯಾದ ಕಡಲಲ್ಲಿ ಹಿಡಿದ ಬ್ಲೂಫಿನ್ ಟ್ಯೂನಾದ ಮಾಂಸದಲ್ಲಿ ಅಲ್ಲಿಯ ಸೀಸಿಯಂ ಸಿಕ್ಕಿತು. ತೀರಾ ಅಲ್ಪ ಪ್ರಮಾಣ, ತಿನ್ನುವವರಿಗೆ ಅಪಾಯವಿರಲಿಲ್ಲ. ಆದರೆ ಆ ಮರಿಗಳು ಜಪಾನಿನಿಂದ ಪೆಸಿಫಿಕ್ ದಾಟಿ ಬಂದಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನಮ್ಮ ಸಾಗರದಲ್ಲಿಯೂ ಕೆಲಸ ನಡೆದಿದೆ. 2005ರಿಂದಾಚೆಗೆ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಗುರುತುಪಟ್ಟಿ ಚುಚ್ಚಿ ಬಿಟ್ಟರು. ಪಟ್ಟಿ ತಂದುಕೊಟ್ಟ ಮೀನುಗಾರರಿಗೆ ಬಹುಮಾನ ಕೊಟ್ಟರು. ಪಟ್ಟಿಯಿಂದ ಎಲ್ಲಿ ಬಿಟ್ಟದ್ದು, ಎಲ್ಲಿ ಸಿಕ್ಕಿತು ಎಂಬುದಷ್ಟೇ ತಿಳಿಯುತ್ತದೆ, ನಡುವಿನ ದಾರಿ ಇಲ್ಲ. ಹೈದರಾಬಾದಿನ ಇನ್‌ಕಾಯಿಸ್, ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೆಲ್ಲ ಸೇರಿ ಉಪಗ್ರಹ ಟ್ಯಾಗ್ ಕಟ್ಟಿಯೂ ನೋಡಿದ್ದಾರೆ. ಅದು ದಾರಿಯನ್ನೂ ತೋರಿಸುತ್ತದೆ. ಬೆಲೆ ಮಾತ್ರ ಒಂದಕ್ಕೆ ಲಕ್ಷಗಟ್ಟಲೆ ರೂಪಾಯಿ.

ಇದೆಲ್ಲ ಯಾಕೆ ಬೇಕು? ಹಿಂದೂ ಮಹಾಸಾಗರದ ಹಳದಿ ರೆಕ್ಕೆಯ ಟ್ಯೂನಾವನ್ನು ಅತಿಯಾಗಿ ಹಿಡಿಯಲಾಗಿದೆ ಎಂದು ಟ್ಯೂನಾ ಆಯೋಗ 2015ರಲ್ಲಿ ಹೇಳಿತು, ಮರುವರ್ಷ ಹಿಡಿಯುವ ಪ್ರಮಾಣಕ್ಕೆ ಕಡಿತ ತಂದಿತು. 2024ರ ಲೆಕ್ಕ ‘ಹಾಗೇನಿಲ್ಲ’ ಎಂದಿತು. ಮಾಹಿತಿ, ಲೆಕ್ಕದ ವಿಧಾನ ಬದಲಾದರೆ ತೀರ್ಪೂ ಬದಲಾಗುತ್ತದೆ. ಗಾಳಕ್ಕೆ ಸಿಗುವ ಮೀನು ಕಡಿಮೆಯಾಯಿತು ಎಂದರೆ ಸಂತತಿ ಕುಸಿದಿರಬಹುದು. ಇಲ್ಲವೇ ತಿನ್ನುವ ಏಡಿ, ಬೊಂಡಾಸಿನ ಹಿಂದೆ ಅದು ಬೇರೆಡೆಗೆ ಹೋಗಿರಬಹುದು. ಎರಡನ್ನೂ ಬೇರ್ಪಡಿಸಿ ನೋಡಲು ಊಟದ ಲೆಕ್ಕ ಬೇಕು. ಯುರೋಪಿನ ದೊಡ್ಡ ಹಡಗುಗಳು ದಶಕಗಳ ಮಾಹಿತಿ ಹಿಡಿದು ಸಭೆಗೆ ಬರುತ್ತವೆ. ನಮ್ಮ ಸಣ್ಣ ಬೋಟುಗಳ ಪರವಾಗಿ ಮಾತಾಡುವವರು ಬರೀ ಅಹವಾಲು ಹಿಡಿದು ಹೋದರೆ ಯಾರು ಕೇಳುತ್ತಾರೆ?

ಇಲ್ಲೇ ನನಗೆ ಹೊಟ್ಟೆ ಉರಿಯುವುದು. ಒಳ್ಳೆಯ ಬೆಲೆ ಸಿಗಲೆಂದು ಟ್ಯೂನಾವನ್ನು ಬೋಟಿನಲ್ಲೇ ಸೀಳಿ, ಕರುಳು ತೆಗೆದು ಐಸಿಗೆ ಹಾಕುತ್ತಾರೆ. ಪುಕ್ಕಟೆ ಸಿಗುವ ದಾಖಲೆ ಕಡಲ ಪಾಲು. ಪ್ರತಿ ಬೋಟು ಒಂದು ಪ್ರಯಾಣಕ್ಕೆ ಹತ್ತು ಹೊಟ್ಟೆ ಉಳಿಸಿದರೂ ಸಾಕು. ಒಂದು ಪ್ಲಾಸ್ಟಿಕ್ ಚೀಲ, ಮೀನಿನ ಉದ್ದ, ಹಿಡಿದ ಜಾಗದ ಜಿಪಿಎಸ್ ಅಂಕಿ, ಇಷ್ಟೇ ಕೆಲಸ. ಪುಣ್ಯಕ್ಕೆ ಮಾಡಿ ಎಂದು ಕೇಳಬಾರದು. ಗುರುತುಪಟ್ಟಿಗೆ ಕೊಟ್ಟ ಹಾಗೆ ಹೊಟ್ಟೆಗೂ ದುಡ್ಡು ಕೊಡಬೇಕು. ಮುಂಬೈ, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಸಿಎಸ್‌ಆರ್ ಹಣದ ಕಡತ ನೋಡುವ ಕನ್ನಡಿಗರು ಈ ಪುಟ ಓದುತ್ತಾರೆಂದು ಗೊತ್ತು. ಸಸಿ ನೆಡುವ ಫೋಟೊಗಳ ನಡುವೆ ಇದಕ್ಕೂ ಒಂದು ಸಾಲು ಬರೆಯಿರಿ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ, ಮಾಲೀಕರು ಮನೆಯಲ್ಲಿ ಸಿಗುತ್ತಾರೆ. ಮಲ್ಪೆ, ಮಂಗಳೂರು, ಕಾರವಾರಗಳಲ್ಲಿ ಕೂತು ಮಾತಾಡಲು ಆ ಎರಡು ತಿಂಗಳು ಇವೆ.