ಆರೋಗ್ಯ ವಿಚಾರ: ಮಾಯದ ಹುಣ್ಣು

ಹುಣ್ಣು ಗಾಯಗಳಿಗೆಲ್ಲ ವೈದ್ಯರ ಬಳಿಗೆ ಹೋಗುವ ರೂಢಿ ನಮ್ಮ ಮನೆಗಳಲ್ಲಿ ಕಡಮೆ. ಅರಿಸಿನವೋ ಬೇವೋ ಯಾವುದಾದರೊಂದು ಮುಲಾಮೋ ಸಾಕಾಗುತ್ತದೆ. ಬಹುಮಟ್ಟಿಗೆ ಗುಣವೂ ಆಗುತ್ತದೆ. ಆದರೆ ತಿಂಗಳು ಕಳೆದರೂ ಮಾಯದ ಹುಣ್ಣು ಬೇರೆ ಜಾತಿಯದಾಗಿರಬಹುದು. ಅದು ಚರ್ಮದ ಅರ್ಬುದವೇ, ಅಂದರೆ ಕ್ಯಾನ್ಸರೇ, ಎಂದು ಶಂಕಿಸತಕ್ಕ ಸಂದರ್ಭಗಳನ್ನು ಈ ತಿಂಗಳು ವಾಚಕರಿಗೆ ತಿಳಿಸುತ್ತೇವೆ.

ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳಲ್ಲಿ ಹುಟ್ಟುವ ಮೆಲನೋಮದ ಮಾತು ಇಲ್ಲಿಲ್ಲ. ಉಳಿದವುಗಳಲ್ಲಿ ಮುಖ್ಯವಾದುವು ಎರಡು. ಹೊರಚರ್ಮದ ತಳದ ಕಣಗಳಲ್ಲಿ ಹುಟ್ಟುವುದು ಮೊದಲನೆಯದು. ಇದು ಹೆಚ್ಚಾಗಿ ಮುಖದ ಮೇಲೆ, ಮುತ್ತಿನಂತೆ ಹೊಳೆಯುವ ಅಂಚುಳ್ಳ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ನಮ್ಮವರಲ್ಲಿ ಕಪ್ಪಾಗಿದ್ದು ಮಚ್ಚೆಯೆಂಬ ಭ್ರಮೆಯನ್ನು ಹುಟ್ಟಿಸುವುದೂ ಉಂಟು. ದೇಹದ ಬೇರೆಡೆಗೆ ಹರಡುವುದು ಬಹು ಅಪೂರ್ವ. ಆದರೆ ಇದ್ದಲ್ಲಿಯೇ ಇಲಿ ಕೊರೆದಂತೆ ಮಾಂಸವನ್ನೂ ಎಲುಬನ್ನೂ ಕೊರೆಯುತ್ತ ಹೋಗುತ್ತದೆ. ಮೇಲಿನ ಚಪ್ಪಟೆ ಕಣಗಳಲ್ಲಿ ಹುಟ್ಟುವುದು ಎರಡನೆಯದು. ಇದು ಒರಟಾದ ಗಂಟಾಗಿ, ದಪ್ಪ ಅಂಚಿನ ಹುಣ್ಣಾಗಿ, ಮುಟ್ಟಿದರೆ ರಕ್ತ ಸುರಿಸುವಂತಿರುತ್ತದೆ. ಅಲಕ್ಷ್ಯ ಮಾಡಿದರೆ ಕಂಕುಳು, ತೊಡೆಸಂದು, ಕುತ್ತಿಗೆಗಳ ಗ್ರಂಥಿಗಳಿಗೆ ಹರಡಿ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಬಿಳಿಯ ಜನರಲ್ಲಿ ಈ ರೋಗಕ್ಕೆ ಬಿಸಿಲೇ ಪ್ರಧಾನ ಕಾರಣ. ನಮ್ಮ ಚರ್ಮದ ಕಪ್ಪು ವರ್ಣವು ಕೊಡೆಯಂತೆ ನಮ್ಮನ್ನು ಬಹಳಮಟ್ಟಿಗೆ ಕಾಪಾಡುತ್ತದೆ. ಹುಟ್ಟಿನಿಂದಲೇ ಆ ವರ್ಣವಿಲ್ಲದ ಮಕ್ಕಳಿಗೆ ಈ ರಕ್ಷಣೆ ಇಲ್ಲವಾದ್ದರಿಂದ, ಅವರಿಗೆ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಅವಶ್ಯ.

ಬಿಸಿಲು ತಾಗದ ಕಡೆಯಲ್ಲಿಯೂ ರೋಗ ಬರುತ್ತದೆಂಬುದನ್ನು ನಾವು ಮುಖ್ಯವಾಗಿ ಅರಿಯಬೇಕು. ಕಾಶ್ಮೀರದವರು ಚಳಿಗಾಲದಲ್ಲಿ ಕಾಂಗ್ರಿಯೆಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಬಹುಕಾಲ ಶಾಖ ತಾಗಿದ ಅವರ ಹೊಟ್ಟೆ ತೊಡೆಗಳಲ್ಲಿ ಅರ್ಬುದ ಹುಟ್ಟುವುದನ್ನು ಎಲ್ಮ್ಸ್ಲಿ ಎಂಬ ವೈದ್ಯರು 1866ರಲ್ಲಿಯೇ ಬರೆದಿಟ್ಟರು. ಸೀರೆಯನ್ನೋ ಧೋತ್ರವನ್ನೋ ಲಂಗದ ಲಾಡಿಯನ್ನೋ ವರ್ಷಗಟ್ಟಲೆ ಒಂದೇ ಕಡೆ ಬಿಗಿದ ಸೊಂಟದಲ್ಲಿ, ಚರ್ಮ ಉಜ್ಜಿ ಉಜ್ಜಿ, ಅಪರೂಪಕ್ಕೆ ಇದೇ ರೋಗ ಬಂದದ್ದುಂಟು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ತರುವಾಯವೂ ಹುಟ್ಟುವುದುಂಟು. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿಗಳ ನೀರಿನಲ್ಲಿರುವ ಪಾಷಾಣದಿಂದ ಅಂಗೈ ಅಂಗಾಲುಗಳು ಆಣಿ ಬಂದಂತೆ ಗಡುಸಾಗಿ, ಕಡೆಗೆ ಅರ್ಬುದಕ್ಕೆ ತಿರುಗಿದ ನಿದರ್ಶನಗಳಿವೆ.

ವಸ್ತುಗಳ ಸಂಪರ್ಕವೂ ಒಂದು ಕಾರಣ. ಹೊಗೆಗೂಡು ಗುಡಿಸುವವರಿಗೆ ಮಸಿಯಿಂದ ಈ ರೋಗ ಬರುವುದೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ತೋರಿಸಿದನು. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಕಲ್ಲಿದ್ದಲ ಡಾಂಬರನ್ನು ತಿಂಗಳುಗಟ್ಟಲೆ ಸವರಿ, 1915ರಲ್ಲಿ ಅರ್ಬುದವನ್ನೇ ಹುಟ್ಟಿಸಿ ತೋರಿಸಿದರು.

ಇನ್ನು ಚಿಕಿತ್ಸೆ. ಮೊದಲು ಹುಣ್ಣಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಚೂರು ತೆಗೆದರೆ ರೋಗ ಹರಡುವುದೆಂಬ ಭಯಕ್ಕೆ ಆಧಾರವಿಲ್ಲ. ರೋಗ ಸ್ಥಿರಪಟ್ಟರೆ, ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದೊಡನೆ ಅದನ್ನು ಕತ್ತರಿಸಿ ತೆಗೆಯುವುದೇ ಮುಖ್ಯೋಪಾಯ. ಕಣ್ಣು ಮೂಗುಗಳ ಬಳಿಯಾದರೆ ಪದರಪದರವಾಗಿ ತೆಗೆದು, ಒಂದೊಂದನ್ನೂ ಪರೀಕ್ಷಿಸುತ್ತ ಮುಂದುವರಿಯುವ ವಿಧಾನವುಂಟು. ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಇದನ್ನು ರೂಪಿಸಿದನು. ಶಸ್ತ್ರಕ್ಕೆ ತಾಳಲಾರದ ವೃದ್ಧರಿಗೆ ಕಿರಣಚಿಕಿತ್ಸೆ ಇದೆ. ಮೇಲ್ಮೈಯಲ್ಲಿಯೇ ಇರುವ ಕೆಲವು ಬಗೆಗಳಿಗೆ ವೈದ್ಯರು ಹಚ್ಚಲು ಔಷಧ ಕೊಡುತ್ತಾರೆ. ಬೇಗ ತೋರಿಸಿದವರಲ್ಲಿ ಬಹುಪಾಲು ಪೂರ್ಣ ಗುಣ ಹೊಂದುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಲ್ಲಿ ಅರ್ಬುದಕ್ಕೆ ಚಿಕಿತ್ಸೆ ದೊರೆಯುತ್ತದೆ.

ಇಂಥ ಹುಣ್ಣಿಗೆ ಬರೆ ಹಾಕಿಸುವುದು, ಸುಣ್ಣ ಕ್ಷಾರಗಳನ್ನು ಮೆತ್ತುವುದು ಸರ್ವಥಾ ಕೂಡದು. ಮೇಲೆ ಕರಿಕಟ್ಟಿ ಗುಣವಾದಂತೆ ಕಂಡರೂ ರೋಗ ಒಳಗೆ ಬೇರುಬಿಡುತ್ತಿರುತ್ತದೆ. ಅಂಗೈಯಗಲದ ಚರ್ಮದಲ್ಲಿ ಮುಗಿಯಬೇಕಾದದ್ದು ಕಾಲನ್ನೇ ತೆಗೆಯುವವರೆಗೆ ಹೋದೀತು. ಇದು ಅಂಟುರೋಗವಲ್ಲ; ರೋಗಿಯನ್ನು ದೂರ ಕೂಡಿಸಬೇಕಾದದ್ದಿಲ್ಲ.

ಮನೆಯ ಹಿರಿಯರು, ಅದರಲ್ಲಿಯೂ ತಾಯಂದಿರು, ಸೊಂಟದ ಅಥವಾ ತೊಡೆಯ ಹುಣ್ಣನ್ನು ಸಂಕೋಚದಿಂದ ಮುಚ್ಚಿಡುವುದು ಸಹಜ. ನೋವಿಲ್ಲವಲ್ಲ ಎಂದು ಸುಮ್ಮನಿರುವುದೂ ಉಂಟು. ಆರಂಭದಲ್ಲಿ ನೋವು ಇಲ್ಲದಿರುವುದೇ ಈ ರೋಗದ ಮೋಸ. ಆದಕಾರಣ ಹಳೆಯ ಕಲೆ ಒಡೆದರೆ, ಮಚ್ಚೆ ಬೆಳೆದು ಹುಣ್ಣಾದರೆ, ಯಾವ ಗಾಯವೇ ಆಗಲಿ ನಾಲ್ಕು ವಾರದಲ್ಲಿ ಮಾಯದಿದ್ದರೆ, ಐದನೆಯ ವಾರವನ್ನು ಮನೆಮದ್ದಿಗೆ ಕೊಡದೆ ವೈದ್ಯರಿಗೆ ತೋರಿಸತಕ್ಕದ್ದು.