ಬೀಗವಿಲ್ಲದ ದಿನಚರಿ

ಲಿನಕ್ಸ್ ಅಳವಡಿಸಿದ ಕಂಪ್ಯೂಟರು ಚಾಲೂ ಆಗುವಾಗ ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರಗಳು ಓಡುವುದನ್ನು ನೀವು ಕಂಡಿರಬಹುದು. ಮೆಮೊರಿ ಇಷ್ಟಿದೆ, ಕೀಲಿಮಣೆ ಸಿಕ್ಕಿತು, ಡಿಸ್ಕ್ ಸಿಕ್ಕಿತು, ಹೀಗೆ. ಇದು ಕರ್ನೆಲ್ ಬರೆದುಕೊಳ್ಳುವ ದಿನಚರಿ. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕರ್ನೆಲ್ ಇಂದು ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನಲ್ಲೂ ಇದೆ.

ದಿನಚರಿಗೆ ಮೀಸಲಾದ ಜಾಗ ಸಣ್ಣದು. ಎಷ್ಟೋ ಯಂತ್ರಗಳಲ್ಲಿ 128 ಕಿಲೋಬೈಟ್ ಅಷ್ಟೆ. ಅದು ಬಳೆಯಿದ್ದಂತೆ. ಒಂದು ಸುತ್ತು ಮುಗಿದರೆ ಹಳೆಯದರ ಮೇಲೆಯೇ ಹೊಸದು. ಹಳತು ಹೋದರೆ ನಷ್ಟವಲ್ಲವೇ ಎನ್ನಬೇಡಿ. ಯಂತ್ರ ಕೆಟ್ಟು ನಿಂತಾಗ ಸಾಮಾನ್ಯವಾಗಿ ಬೇಕಾಗುವುದು ಕಡೆಯ ಸಾಲುಗಳೇ.

ತೊಡಕಿರುವುದು ಬೇರೆಡೆ. ಇಂದಿನ ಯಂತ್ರದಲ್ಲಿ ನಾಲ್ಕೆಂಟು ಪ್ರೊಸೆಸರುಗಳು ಏಕಕಾಲಕ್ಕೆ ದುಡಿಯುತ್ತವೆ, ಎಲ್ಲಕ್ಕೂ ಬರೆಯುವ ಆತುರ. ಒಂದೇ ಹಾಜರಿ ಪುಸ್ತಕಕ್ಕೆ ಇಬ್ಬರು ಮೇಷ್ಟರು ಒಮ್ಮೆಗೇ ಕೈಹಾಕಿದರೆ ಏನಾದೀತು? ಅದಕ್ಕೇ ಬಹುಕಾಲ ಒಂದು ಬೀಗವಿತ್ತು. ಬೀಗ ಹಿಡಿದ ಪ್ರೊಸೆಸರು ಬರೆಯಬೇಕು, ಉಳಿದವು ಕಾಯಬೇಕು. ಈಗ ನೋಡಿ ಫಜೀತಿ. ಬೀಗ ಹಿಡಿದು ಅರ್ಧ ಸಾಲು ಬರೆದ ಪ್ರೊಸೆಸರಿಗೆ, ತಡೆಯಲಾಗದ ತುರ್ತು ಕರೆಯೊಂದು ಬಂತೆನ್ನಿ. ಕೈಗೆಲಸ ಅಲ್ಲೇ ಬಿಟ್ಟು ಓಗೊಡಲೇಬೇಕು. ಆ ಕೆಲಸದ ನಡುವೆಯೂ ಏನೋ ಬರೆಯಬೇಕಾಗುತ್ತದೆ. ಬೀಗಕ್ಕಾಗಿ ಕಾಯತೊಡಗುತ್ತದೆ. ಬೀಗವಿರುವುದು ತನ್ನದೇ ಕೈಯಲ್ಲಿ! ಯಂತ್ರ ಸ್ತಬ್ಧ, ಏಕೆಂದು ತಿಳಿಸುವ ಸಾಲೂ ಇಲ್ಲ.

ಪ್ರತಿ ಪ್ರೊಸೆಸರಿಗೂ ತಾತ್ಕಾಲಿಕವಾಗಿ ಬೇರೆ ಪುಟ ಕೊಟ್ಟು ಕೆಲವು ವರ್ಷ ಸಂಭಾಳಿಸಿದರು. ನನ್ನ ಮಟ್ಟಿಗೆ ಅದು ತೇಪೆ. 2020ರ ಡಿಸೆಂಬರಿನಲ್ಲಿ ಬಂದ 5.10ನೆಯ ಆವೃತ್ತಿಯಲ್ಲಿ ಜಾನ್ ಓಗ್ನೆಸ್ ಅವರು ಬರೆದ, ಬೀಗ ಬೇಡದ ಬಳೆ ಸೇರಿತು. ಹಳೆಯ ಬೀಗವನ್ನು ಅನಂತರದ ಆವೃತ್ತಿಗಳಲ್ಲಿ ಕಳಚಿದರು.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ಉಪಾಯ. ಬರೆಯುವ ಮುನ್ನ ಬೇಕಾದಷ್ಟು ಜಾಗ ಹಿಡಿಯಬೇಕು. ‘ಗುರುತು ನಾನು ನೋಡಿದಲ್ಲೇ ಇದ್ದರೆ ಮಾತ್ರ ಮುಂದೆ ಸರಿಸು’ ಎಂಬ ಒಂದೇ ಆಜ್ಞೆ, ನಡುವೆ ಯಾರೂ ತೂರುವಂತಿಲ್ಲ. ಅಷ್ಟರಲ್ಲಿ ಬೇರೊಬ್ಬರು ಸರಿಸಿದ್ದರೆ ಮತ್ತೆ ನೋಡಿ ಮತ್ತೆ ಯತ್ನಿಸಬೇಕು. ಜಾಗ ಸಿಕ್ಕಮೇಲೆ ಬರೆದು ‘ಮುಗಿಯಿತು’ ಎಂದು ಗುರುತು ಹಾಕಿದರಾಯಿತು. ಆ ಗುರುತಿಲ್ಲದ ಸಾಲನ್ನು ಓದುವವರು ಮುಟ್ಟುವುದಿಲ್ಲ. ತುರ್ತು ಕರೆ ಬಂದರೆ? ಮುಂದಿನ ಸೀಟಿಗೆ ಇನ್ನೊಂದು ಟವೆಲ್.

ಬಳೆ ಪೂರ್ತಿ ಸುತ್ತಿಬಂದು, ಇನ್ನೂ ಮುಗಿಯದ ಸಾಲಿಗೆ ತಾಗಿದರೆ ಗತಿಯೇನು ಎಂದು ಚುರುಕು ಹುಡುಗಿಯೊಬ್ಬಳು ಕೇಳಿಯಾಳು. ಅದನ್ನು ಅಳಿಸುವಂತಿಲ್ಲ. ಆಗ ಹೊಸ ಸಂದೇಶವೇ ಜಾಗ ಸಿಗದೆ ಕೈತಪ್ಪುತ್ತದೆ. ಹಾಗೆ ಕೈತಪ್ಪಿದವು ಎಷ್ಟು ಎಂಬ ಲೆಕ್ಕವನ್ನು ಮಾತ್ರ ಬಳೆ ಇಟ್ಟುಕೊಳ್ಳುತ್ತದೆ.