ಕಿಟಕಿಯ ಬಣ್ಣಕ್ಕೊಂದು ಪರೀಕ್ಷೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಂದಿರು ಅಲ್ಲಿ ಒಮ್ಮೊಮ್ಮೆ ಇಂಥ ದೃಶ್ಯವನ್ನು ಕಾಣುವುದುಂಟು. ಮಗಳು–ಅಳಿಯ ಕೊಳ್ಳಲು ಹೊರಟಿರುವ ಹಳೆಯ ಮನೆಗೆ ಒಬ್ಬಾತ ಬರುತ್ತಾನೆ. ಕೈಯಲ್ಲಿ ಪಿಸ್ತೂಲಿನಂಥ ಉಪಕರಣ. ಅದನ್ನು ಕಿಟಕಿಯ ಚೌಕಟ್ಟು, ಬಾಗಿಲು, ಮೆಟ್ಟಿಲಿನ ಕಟಕಟೆ ಹೀಗೆ ಒಂದೊಂದಕ್ಕೂ ಒತ್ತಿ ಹಿಡಿದು ಅಂಕಿಗಳನ್ನು ಬರೆದುಕೊಳ್ಳುತ್ತಾನೆ. ಬಣ್ಣ ಚೆನ್ನಾಗಿಯೇ ಇದೆಯಲ್ಲ, ಅದನ್ನು ನೋಡಿ ಹೋಗಲು ಈತನಿಗೆ ನೂರಾರು ಡಾಲರ್ ಏಕೆ ಕೊಡಬೇಕು ಎಂದು ತಾಯಿ ಕೇಳಿದರೆ ಆಶ್ಚರ್ಯವೇನಿಲ್ಲ.

ಆತ ಹುಡುಕುವುದು ಸೀಸವನ್ನು. ಎಣ್ಣೆ ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಬೆರೆಸುವುದು ಹಳೆಯ ಪದ್ಧತಿ. ಬಿಳಿಗೆ ಸೀಸದ ಕಾರ್ಬೊನೇಟ್, ಹಳದಿಗೆ ಸೀಸದ ಕ್ರೋಮೇಟ್, ಬಣ್ಣ ಬೇಗ ಒಣಗಲು ಸೀಸದ ಬೇರೆ ಲವಣಗಳು. ಬಣ್ಣ ಹೊಳೆಯುತ್ತಿತ್ತು, ಬಹುಕಾಲ ಬಾಳುತ್ತಿತ್ತು. ದೋಷ ಒಂದೇ: ಅದು ವಿಷ.

ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಒಬ್ಬ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್. ಕ್ವೀನ್ಸ್‌ಲ್ಯಾಂಡಿನ ಮಕ್ಕಳಲ್ಲಿ ಕಾಣುತ್ತಿದ್ದ ಸೀಸದ ವಿಷಬಾಧೆಯ ಮೂಲ ಯಾವುದೆಂದು ಅಲ್ಲಿನ ವೈದ್ಯರು ಬಹಳ ತಲೆ ಕೆಡಿಸಿಕೊಂಡಿದ್ದರು. 1904ರಲ್ಲಿ ಗಿಬ್ಸನ್ ಮನೆಗಳ ವರಾಂಡದ ಕಟಕಟೆಯತ್ತ ಬೆರಳು ತೋರಿಸಿದ. ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ, ಪುಡಿ ಮಗುವಿನ ಕೈಗೆ ಮೆತ್ತುತ್ತದೆ, ಕೈ ಬಾಯಿಗೆ ಹೋಗುತ್ತದೆ. ಇಷ್ಟು ಸರಳ ವಿವರಣೆಯನ್ನು ಒಪ್ಪಲು ಜಗತ್ತು ತೆಗೆದುಕೊಂಡ ಕಾಲ ಮಾತ್ರ ದೀರ್ಘ. ಕ್ವೀನ್ಸ್‌ಲ್ಯಾಂಡಿನಲ್ಲಿ ಕಾನೂನು ಬಂದದ್ದು 1922ರಲ್ಲಿ. ಅಮೆರಿಕ ತನ್ನ ಮನೆಬಣ್ಣಗಳಿಂದ ಸೀಸವನ್ನು ಹೊರಗಿಟ್ಟದ್ದು 1978ರಲ್ಲಿ! ಆದ್ದರಿಂದಲೇ 1978ಕ್ಕಿಂತ ಮೊದಲು ಕಟ್ಟಿದ ಮನೆ ಎಂದರೆ ಅಲ್ಲಿ ಅನುಮಾನ.

ಸೀಸದ ಉಪದ್ರವ ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಶರೀರ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಪಾಲನ್ನು ಪುಟ್ಟ ಮಕ್ಕಳ ಶರೀರ ಹೀರಿಕೊಳ್ಳಬಲ್ಲದು. ಸೀಸವು ಕ್ಯಾಲ್ಸಿಯಂನ ವೇಷ ಹಾಕಿ ಮೂಳೆ ಸೇರುತ್ತದೆ, ಬೆಳೆಯುತ್ತಿರುವ ಮಿದುಳಿನ ಕೆಲಸವನ್ನು ಕೆಡಿಸುತ್ತದೆ. ಮಗು ಮಂಕಾಗುತ್ತದೆ, ಗಮನ ನಿಲ್ಲುವುದಿಲ್ಲ, ಓದು ಹಿಂದೆ ಬೀಳುತ್ತದೆ. ಜ್ವರವಿಲ್ಲ, ನೋವಿಲ್ಲ, ‘ಹುಡುಗ ದಡ್ಡ’ ಎಂಬ ಹಣೆಪಟ್ಟಿ ಮಾತ್ರ ಅಂಟುತ್ತದೆ. ಒಮ್ಮೆ ಆದ ಹಾನಿ ಪೂರ್ತಿ ಸರಿಹೋಗುವುದೂ ಕಷ್ಟ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ಆ ಪಿಸ್ತೂಲಿನ ವಿಷಯ. ಮೇಲೆ ಕಾಣುವ ಬಣ್ಣ ಹೊಸದಿರಬಹುದು, ಅದರಡಿ ಐದಾರು ಹಳೆಯ ಪದರಗಳಿರಬಹುದು. ಕಣ್ಣು ಮೇಲಿನದನ್ನಷ್ಟೇ ನೋಡುತ್ತದೆ. ಉಪಕರಣವಾದರೋ ಬಣ್ಣದೊಳಕ್ಕೆ ಕ್ಷ-ಕಿರಣವನ್ನೋ ಗಾಮಾ ಕಿರಣವನ್ನೋ ಹಾಯಿಸುತ್ತದೆ. ಕಿರಣ ತಾಕಿದ ಸೀಸದ ಪರಮಾಣುವಿನ ಒಳಕವಚದಿಂದ ಒಂದು ಇಲೆಕ್ಟ್ರಾನ್ ಹಾರಿಹೋಗುತ್ತದೆ. ತೆರವಾದ ಜಾಗಕ್ಕೆ ಹೊರಕವಚದ ಇಲೆಕ್ಟ್ರಾನ್ ಇಳಿಯುತ್ತದೆ. ಇಳಿಯುವಾಗ ಉಳಿದ ಶಕ್ತಿ ಇನ್ನೊಂದು ಕ್ಷ-ಕಿರಣವಾಗಿ ಹೊರಬೀಳುತ್ತದೆ. ಈ ಶಕ್ತಿ ಧಾತುವಿನಿಂದ ಧಾತುವಿಗೆ ಬೇರೆ, ನಮ್ಮ ಹೆಬ್ಬೆರಳ ಗುರುತಿದ್ದ ಹಾಗೆ. ಇದರಲ್ಲಿರುವ ಕ್ರಮವನ್ನು 1913ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಹೆನ್ರಿ ಮೋಸ್ಲಿ. ಪಿ.ಯು.ಸಿ. ರಸಾಯನ ವಿಜ್ಞಾನದಲ್ಲಿ ಪರಮಾಣು ಸಂಖ್ಯೆಯ ಜೊತೆಗೆ ಬರುವ ಹೆಸರು ಇದೇ. ಎರಡೇ ವರ್ಷದಲ್ಲಿ, 27ನೆಯ ವಯಸ್ಸಿಗೆ, ಆತ ಮಹಾಯುದ್ಧದಲ್ಲಿ ಮಡಿದ.

ಸೀಸದಿಂದ ಹೊಮ್ಮುವ ಕಿರಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ‘ಎಲ್’ ಕವಚದ್ದು ಸುಮಾರು 10,500 ಇಲೆಕ್ಟ್ರಾನ್ ವೋಲ್ಟ್ ಶಕ್ತಿಯದು, ‘ಕೆ’ ಕವಚದ್ದು ಸುಮಾರು 75,000. ಮೊದಲನೆಯದು ದುರ್ಬಲ, ಮೇಲಿನ ಬಣ್ಣದ ಪದರಗಳೇ ಅದನ್ನು ನುಂಗಿಬಿಡಬಹುದು. ಎರಡನೆಯದು ಪದರಗಳನ್ನು ದಾಟಿ ಬರುತ್ತದೆ. ಆದ್ದರಿಂದ ಅದು ಆಳದ ಸುದ್ದಿ ತರುತ್ತದೆ. ಕೆಲವೊಮ್ಮೆ ಅತಿ ಆಳದ ಸುದ್ದಿಯನ್ನೂ ತಂದು, ಗೋಡೆಯೊಳಗಿನ ಸೀಸದ ಕೊಳವೆಯನ್ನು ಬಣ್ಣವೆಂದು ಲೆಕ್ಕಕ್ಕೆ ಹಿಡಿಯುವುದೂ ಉಂಟು! ಉಪಕರಣ ಒಂದೇ ಇದ್ದರೂ ಬಳಸುವವನ ತಿಳಿವಳಿಕೆ ಬೇಕಾಗುವುದು ಇಲ್ಲಿಯೇ. ಮೊದಲಿಗೂ ಕೊನೆಗೂ ಸೀಸದ ಪ್ರಮಾಣ ಗೊತ್ತಿರುವ ಮಾದರಿಯ ಮೇಲೆ ಆತ ಉಪಕರಣವನ್ನು ಒರೆಹಚ್ಚಬೇಕು. ಕೋಣೆ ಕೋಣೆಯಲ್ಲೂ ಬಾಗಿಲು, ಕಿಟಕಿ, ಗೋಡೆಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅಮೆರಿಕದಲ್ಲಿ ಅದು ‘ಸೀಸದ ಬಣ್ಣ’. ಸಂದೇಹವಾದರೆ ಮರದವರೆಗಿನ ಎಲ್ಲ ಪದರಗಳೂ ಸೇರುವಂತೆ ಚಕ್ಕೆ ಕೆತ್ತಿ ಪ್ರಯೋಗಾಲಯಕ್ಕೆ ಕಳುಹಿಸಬೇಕು.

ಅಂಗಡಿಯಲ್ಲಿ ಸಿಗುವ ಪುಟ್ಟ ಪರೀಕ್ಷಾ ಕಡ್ಡಿ ಸಾಲದೇ? ಅದೂ ಒಳ್ಳೆಯ ರಸಾಯನ ವಿಜ್ಞಾನವೇ. ಸೋಡಿಯಂ ಸಲ್ಫೈಡ್ ದ್ರಾವಣ ಸೀಸಕ್ಕೆ ತಾಕಿದರೆ ಕಪ್ಪಗಿನ ಸೀಸದ ಸಲ್ಫೈಡ್ ಉಂಟಾಗುತ್ತದೆ. ಆದರೆ ಕಬ್ಬಿಣ, ತಾಮ್ರ ಮುಂತಾದವೂ ಕಪ್ಪಾಗುತ್ತವೆ. ದ್ರಾವಣ ತಾಕದ ಕೆಳಪದರದಲ್ಲಿ ಸೀಸವಿದ್ದರೆ ತಿಳಿಯುವುದೇ ಇಲ್ಲ. ಮಗು ಬೆಳೆಯಬೇಕಾದ ಮನೆಯನ್ನು ಇಷ್ಟರ ಮೇಲೆ ನಂಬುವುದು ಹೇಗೆ?

ಅಮೆರಿಕದಲ್ಲಿ 1992ರ ಕಾನೂನಿನಡಿ ಹಳೆಯ ಮನೆ ಮಾರುವವನು ಸೀಸದ ಬಗ್ಗೆ ತನಗೆ ಗೊತ್ತಿರುವುದನ್ನು ಹೇಳಲೇಬೇಕು. ಕೊಳ್ಳುವವನಿಗೆ ಪರೀಕ್ಷೆ ಮಾಡಿಸಲು 10 ದಿನದ ಅವಕಾಶ ಕೊಡಬೇಕು. ತಮಾಷೆಯೆಂದರೆ ಮಾರುವವನೇ ಪರೀಕ್ಷೆ ಮಾಡಿಸಬೇಕೆಂದಿಲ್ಲ. ‘ನನಗೆ ತಿಳಿಯದು’ ಎಂಬುದು ನಿಜವಾಗಿದ್ದರೆ ಅಷ್ಟೇ ಸಾಕು. ಖರ್ಚು, ಜಾಣತನ ಎರಡೂ ಕೊಳ್ಳುವವನದೇ. ಪರೀಕ್ಷಕನಿಗೆ ಸರ್ಕಾರಿ ಮಾನ್ಯತೆಯ ಪತ್ರ ಇದೆಯೇ ಎಂದು ಮೊದಲು ಕೇಳಬೇಕು. ಎರಡನೆಯದಾಗಿ, ಬಣ್ಣ ತೆಗೆಯುವ ಗುತ್ತಿಗೆಯೂ ಅವನದೇ ಆಗಿರಬಾರದು. ರೋಗ ಹೇಳುವವನೇ ಔಷಧ ಮಾರಿದರೆ ಆರೋಗ್ಯವಂತ ಸಿಕ್ಕುವುದು ಅಪರೂಪ. ಸೀಸ ಎಲ್ಲಿದೆ ಎಂದು ಹೇಳುವ ಪರೀಕ್ಷೆ ಒಂದು, ಅದು ಈಗ ಅಪಾಯ ಮಾಡುತ್ತಿದೆಯೇ ಎಂದು ನೋಡುವುದು ಇನ್ನೊಂದು. ಎರಡನೆಯದರಲ್ಲಿ ನೆಲ, ಕಿಟಕಿ ಕಟ್ಟೆಯ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಳೆಯುತ್ತಾರೆ, ಅಂಗಳದ ಮಣ್ಣನ್ನೂ ನೋಡುತ್ತಾರೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಬೇಕಾದದ್ದು ಇದೇ. ಮಗು ಗೋಡೆಯನ್ನು ನೆಕ್ಕುವುದಕ್ಕಿಂತ, ಕಿಟಕಿ ತೆರೆದು ಮುಚ್ಚುವಾಗ ಸವೆದು ಬಿದ್ದ ದೂಳನ್ನು ನುಂಗುವುದೇ ಹೆಚ್ಚು.

ನಮ್ಮ ಮನೆಗಳ ಕಥೆ ಏನು? ಸುಣ್ಣ ಬಳಿದ ಗೋಡೆಯಲ್ಲಿ ಈ ಭಯವಿಲ್ಲ. ಅನುಮಾನ ಪಡಬೇಕಾದದ್ದು ಕಿಟಕಿ, ಸರಳು, ಬಾಗಿಲು, ತೊಟ್ಟಿಲುಗಳಿಗೆ ಬಳಿದ ಹಳೆಯ ಇನಾಮೆಲ್ ಬಣ್ಣಗಳನ್ನು, ಅದರಲ್ಲೂ ಹೊಳೆಯುವ ಹಳದಿ, ಕೆಂಪುಗಳನ್ನು. ಭಾರತದಲ್ಲಿ 2016ರಲ್ಲಿ ಬಂದ ನಿಯಮ ಮನೆಬಣ್ಣದಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿತು. ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದದ್ದು ಗೋಡೆ ಕಿಟಕಿಗಳಲ್ಲಿ ಹಾಗೆಯೇ ಇದೆ. ಈ ಅರಿವು ಮೂಡಿಸುವುದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರ ದುಡಿಮೆ ದೊಡ್ಡದು.

ಮನೆ ಮಾರುವಾಗ ಸೀಸದ ಸುದ್ದಿ ಹೇಳಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಆದರೆ ಮಾನ್ಯತೆ ಪಡೆದ ಪ್ರಯೋಗಾಲಯಗಳು ಬಣ್ಣದ ಚಕ್ಕೆಯಲ್ಲಿರುವ ಸೀಸವನ್ನು ಅಳೆದುಕೊಡುತ್ತವೆ. ಅದನ್ನು ಮಾಡಿಸಲು ಸರಿಯಾದ ಸಮಯ ಹಬ್ಬಕ್ಕೋ ಮದುವೆಗೋ ಬಣ್ಣ ಬಳಿಸುವ ಮುನ್ನ. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣ ಅಷ್ಟಾಗಿ ಕಾಡುವುದಿಲ್ಲ. ಒಣ ಸ್ಯಾಂಡ್ ಪೇಪರಿನಿಂದ ಉಜ್ಜಿದ ದಿನ ಮನೆಯೆಲ್ಲ ಸೀಸದ ದೂಳು. ಉಜ್ಜಲೇಬೇಕಾದರೆ ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜುವುದು, ನೆಲಕ್ಕೆ ಪ್ಲಾಸ್ಟಿಕ್ ಹಾಸುವುದು, ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಕೆಲಸ ಮುಗಿಯುವ ತನಕ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಕಡೆ ಇರಿಸುವುದು ಒಳ್ಳೆಯದು. ಪೇಂಟರಿಗೆ ಕೈ ಮುಖ ತೊಳೆಯಲು ಸಾಬೂನು, ಬಟ್ಟೆ ಬದಲಾಯಿಸಲು ಒಂದು ಜಾಗವನ್ನೂ ಕೊಡಬೇಕು. ಆತ ಅದೇ ಅಂಗಿಯಲ್ಲಿ ಸಂಜೆ ಮನೆಗೆ ಹೋದರೆ ಓಡಿ ಬಂದು ತಬ್ಬಿಕೊಳ್ಳುವ ಮಗು ಅಲ್ಲಿಯೂ ಇರುತ್ತದೆ.